ಕಂಡಕ್ಟರ್ ಹಂಪಮ್ಮನ ಸ್ಕೀ

ಕುರುಗೋಡು ಡಿಪೋದ ಕಂಡಕ್ಟರ್ ಹಂಪಮ್ಮ ಬಸ್ಸಿನೊಳಗೆ ಕಂಬಿ ಹಿಡಿಯುವವಳಲ್ಲ. ಬಳ್ಳಾರಿಯಿಂದ ಕುರುಗೋಡು, ತೆಕ್ಕಲಕೋಟೆ ಹಾಯ್ದು ಸಿರುಗುಪ್ಪ ಮುಟ್ಟುವ ದಾರಿಯಲ್ಲಿ ಗುಂಡಿಗಳಿಗೇನೂ ಬರವಿಲ್ಲ. ಬಸ್ಸು ಒಂದು ಗುಂಡಿಯಿಂದ ಎದ್ದು ಇನ್ನೊಂದಕ್ಕೆ ಇಳಿಯುವಾಗ ಸೀಟಿನಲ್ಲಿ ಕೂತವರೇ ಮುಂದಿನ ಸೀಟಿಗೆ ಹಣೆ ಕೊಡುತ್ತಾರೆ. ಹಂಪಮ್ಮ ಮಾತ್ರ ಮೊಣಕಾಲು ತುಸು ಬಾಗಿಸಿ, ಒಂದು ಕೈಯಲ್ಲಿ ಟಿಕೆಟ್ ಮಷಿನ್, ಇನ್ನೊಂದರಲ್ಲಿ ಯಾರದೋ ಆಧಾರ್ ಕಾರ್ಡ್ ಹಿಡಿದು, ಬಾಗಿ ಬಳುಕಿ ಮತ್ತೆ ನೆಟ್ಟಗಾಗುತ್ತಾಳೆ. ಹೆಂಗಸರಿಗೆ ಪ್ರಯಾಣ ಪುಕ್ಕಟೆಯಾದ ಮೇಲೆ ಗದ್ದಲ ಇಮ್ಮಡಿಯಾಗಿದೆ. ಕಂಬಿ ಸಿಕ್ಕರೂ ಕೂಸು ಎತ್ತಿಕೊಂಡವರಿಗೆ ಬಿಟ್ಟುಕೊಡುವುದು ಅವಳ ರೂಢಿ. ಹದಿಮೂರು ವರ್ಷದ ನೌಕರಿಯಲ್ಲಿ ಒಮ್ಮೆಯೂ ಬಿದ್ದಿಲ್ಲ.

ಮೂರು ವರ್ಷದ ಹಿಂದೆ ಡಿಪೋದ ನೋಟಿಸ್ ಬೋರ್ಡಿಗೆ ಒಂದು ಸುತ್ತೋಲೆ ಬಂತು. ನಲವತ್ತು ದಾಟದ ಮಹಿಳಾ ನೌಕರರಿಗೆ ಸಾಹಸ ಶಿಬಿರ, ಉತ್ತರಾಖಂಡದ ಔಲಿಯಲ್ಲಿ ಹದಿನಾಲ್ಕು ದಿನ, ಹಿಮದ ಮೇಲೆ ಜಾರುವ ಸ್ಕೀ ಕಲಿಕೆ. ಓದಿದವರು ನಕ್ಕು ಮುಂದೆ ಹೋದರು. ಆ ಹಾಳೆಯ ಮೇಲೆ ಎಂಟು ದಿನ ಯಾರ ಹೆಸರೂ ಬೀಳಲಿಲ್ಲ. ಒಂಬತ್ತನೆಯ ದಿನ ಹಂಪಮ್ಮ ಪೆನ್ನು ತೆಗೆದು ತನ್ನ ಹೆಸರು ಬರೆದಳು.

ಗಂಡ ಹುಲುಗೇಶ ಬಳ್ಳಾರಿಯ ಜೀನ್ಸ್ ಪ್ಯಾಂಟಿನ ಕಾರ್ಖಾನೆಯೊಂದರಲ್ಲಿ ಕಟಿಂಗ್ ಮಾಸ್ಟರ್. ಸುದ್ದಿ ಕೇಳಿ ಊಟದ ತಟ್ಟೆಯ ಮುಂದೆ ಕೈ ಕಟ್ಟಿ ಕೂತ.

"ಹಿಮದಾಗ ಹೋಗಿ ಏನ್ ಮಾಡ್ತಿ? ಬಳ್ಳಾರಿ ಬಿಸಲಾಗ ಹುಟ್ಟಿದಾಕಿ ನೀನು."

"ಅದಕ್ಕ ಹೊಂಟೀನಿ. ಬಿಸಲು ನೋಡಿ ನೋಡಿ ಸಾಕಾಗೈತಿ."

ಹುಲುಗೇಶ ಜಗಳಗಂಟನಲ್ಲ. ಮರುದಿನವೇ ದಪ್ಪ ಡೆನಿಮ್ ತಂದು ಒಳಗೆ ಉಣ್ಣೆ ಬಟ್ಟೆ ಕೊಟ್ಟು ಅವಳಿಗೊಂದು ಪ್ಯಾಂಟು ಹೊಲಿದ. ಔಲಿಯಲ್ಲಿ ಅದು ಮೊದಲ ದಿನವೇ ನೀರು ಕುಡಿದು ಕಲ್ಲಾಯಿತು ಎಂಬುದನ್ನು ಅವಳು ಅವನಿಗೆ ಇವತ್ತಿಗೂ ಹೇಳಿಲ್ಲ.

ಆ ಶಿಬಿರದಲ್ಲಿ ಇಪ್ಪತ್ತೆರಡು ಹೆಂಗಸರಿದ್ದರು. ಕಾಲಿಗೆ ಸ್ಕೀ ಕಟ್ಟಿದ್ದೇ ತಡ, ಒಬ್ಬೊಬ್ಬರಾಗಿ ಹಿಮದ ಮೇಲೆ ಒರಗಿದರು. ಹಂಪಮ್ಮ ನಿಂತಳು. ಇಳಿಜಾರಿನಲ್ಲಿ ಮೆಲ್ಲಗೆ ಜಾರುತ್ತ ಹೋಗಿ ತಳದಲ್ಲಿಯೂ ನಿಂತೇ ಇದ್ದಳು. ಕಲಿಸುವ ಉಸ್ತಾದ ನೇಗಿ ಹುಬ್ಬು ಗಂಟಿಕ್ಕಿ, ಇದಕ್ಕೂ ಮುಂಚೆ ಮಾಡಿದ್ದೀಯಾ ಎಂದು ಹಿಂದಿಯಲ್ಲಿ ಕೇಳಿದ. ಹಂಪಮ್ಮ ತನ್ನ ಬಳ್ಳಾರಿ ಹಿಂದಿಯಲ್ಲಿ, "ಇಲ್ಲ ಸಾಹೇಬರೆ, ಬಸ್ಸಿನಾಗ ನಿಂತು ರೂಢಿ" ಎಂದಳು. ನೇಗಿ ಮೊದಲು ನಕ್ಕ. ಆಮೇಲೆ ಅವಳ ಮೊಣಕಾಲು ನೋಡಿ ನಗು ನಿಲ್ಲಿಸಿದ. ಬಾಕಿ ಇಪ್ಪತ್ತೊಂದು ಜನರನ್ನೂ ಸಾಲಾಗಿ ನಿಲ್ಲಿಸಿ, "ಈಕೆಯ ಹಾಗೆ ನಿಲ್ಲಿ" ಎಂದ.

ಆ ಹದಿನಾಲ್ಕು ದಿನದಲ್ಲಿ ಹಂಪಮ್ಮನಿಗೆ ಏನೋ ಆಯಿತು. ಹತ್ತು ವರ್ಷ ಬೇರೆಯವರು ಓಡಿಸುವ ಗಾಡಿಯಲ್ಲಿ ನಿಂತವಳು ಮೊದಲ ಸಲ ತಾನು ಬೇಕೆಂದ ಕಡೆ ತಿರುಗಿದಳು, ತಾನು ಬೇಕೆಂದಲ್ಲಿ ನಿಂತಳು. ಮನೆಗೆ ಬಂದ ಮೇಲೂ ಕಣ್ಣು ಮುಚ್ಚಿದರೆ ಕಾಲಡಿ ಹಿಮ ಸರಿಯುವ ಸದ್ದು ಕೇಳುತ್ತಿತ್ತು.

ಮರುವರ್ಷ ರಜೆ ಹಾಕಿ ತಾನೇ ಹೋದಳು. ಜೊತೆಗೆ ಕಲಿತಿದ್ದ ಮೈಸೂರಿನ ಶೀಲಾ ಎಂಬಾಕೆ ಸ್ಕೀ ಬೂಟು ಕೊಂಡು, ಮದುವೆಯಾಗಿ, ಆಸೆ ಬಿಟ್ಟಿದ್ದಳು. ಅವಳಿಂದ ಕೊಂಡ ಆ ಬೂಟು ಹಂಪಮ್ಮನ ಕಾಲಿಗೆ ಅಳತೆ ಕೊಟ್ಟು ಮಾಡಿಸಿದಂತೆ ಕೂತಿತು. ಬೂಟು ತನ್ನದು, ಸ್ಕೀ ಬಾಡಿಗೆಯದು. ಅಲ್ಲಿನ ಒಂದು ಬಾಡಿಗೆ ಅಂಗಡಿಯವನು ಕೈಗೆ ಸಿಕ್ಕ ಜೋಡಿಯೊಂದನ್ನು ತೆಗೆದುಕೊಟ್ಟ. ಬೂಟನ್ನು ಸ್ಕೀಗೆ ಕಚ್ಚಿ ಹಿಡಿಯುವ ಕೊಂಡಿಗೆ ಬೈಂಡಿಂಗ್ ಎನ್ನುತ್ತಾರೆ. ಮುಂದೆ ಬೆರಳ ಕಡೆ ಒಂದು ತುಂಡು, ಹಿಂದೆ ಹಿಮ್ಮಡಿಗೆ ಒಂದು. ಬೂಟು ಒಳಗೆ ಹೋಗಿ ಟಕ್ಕೆಂದಿತು. ಅಷ್ಟು ಸಾಕೆಂದು ಇಬ್ಬರೂ ತಿಳಿದರು.

ನಾಲ್ಕನೆಯ ದಿನ ನಡುಗುಡ್ಡದ ಇಳಿಜಾರಿನಲ್ಲಿ, ಬೀಳುವ ಕಾರಣವೇ ಇಲ್ಲದಲ್ಲಿ, ಒಂದು ಸಣ್ಣ ಉಬ್ಬು ದಾಟುತ್ತಲೇ ಅವಳ ಎಡಗಾಲ ಸ್ಕೀ ತಾನಾಗಿ ಬಿಚ್ಚಿಕೊಂಡಿತು. ಒಂಟಿಗಾಲಲ್ಲಿ ಹಾರಿಬಿದ್ದು ಮೂವತ್ತು ಮಾರು ಜಾರಿದಳು. ಭುಜ ಕೆತ್ತಿಹೋಯಿತು. ಭುಜ ಹದಿನೈದು ದಿನಕ್ಕೆ ವಾಸಿಯಾಯಿತು, ಅಂಜಿಕೆ ವಾಸಿಯಾಗಲಿಲ್ಲ. ಅಲ್ಲಿ ಉಳಿದ ದಿನಗಳಲ್ಲೆಲ್ಲ ಇಳಿಜಾರಿನ ನೆತ್ತಿಯ ಮೇಲೆ ನಿಂತರೆ ಸಾಕು, ಈಗ ಬಿಚ್ಚೀತು, ಈಗ ಬಿಚ್ಚೀತು ಎಂದು ಕಾಲು ಮರಗಟ್ಟುತ್ತಿತ್ತು. ನೇಗಿ ಒಂದೇ ಮಾತು ಹೇಳಿದ: "ಇನ್ನು ಬಾಡಿಗೆಯದು ಬೇಡ. ಸ್ವಂತದ್ದು ಮಾಡಿಕೋ. ಎಲ್ಲ ಬಗೆಯ ಹಿಮಕ್ಕೂ ಆಗುವ ಆಲ್ ಮೌಂಟೇನ್ ಸ್ಕೀ ತಗೋ."

ಹೇಳುವುದು ಸುಲಭ. ಕುರುಗೋಡಿನಲ್ಲಿ ಕೂತು ಸ್ಕೀ ಆರಿಸುವುದು ಹೇಗೆ? ಹಂಪಮ್ಮ ಊಟದ ಬಿಡುವಿನಲ್ಲಿ ಫೋನಿನಲ್ಲಿ ವಿಡಿಯೋ ನೋಡಿದಳು. ಒಬ್ಬ ಉದ್ದದ್ದು ಒಳ್ಳೆಯದು ಅನ್ನುತ್ತಾನೆ, ಇನ್ನೊಬ್ಬ ಗಿಡ್ಡದ್ದು. ಒಬ್ಬನಿಗೆ ಅಗಲ ಬೇಕು, ಇನ್ನೊಬ್ಬನಿಗೆ ಬೇಡ. ವಾರದ ಕೊನೆಗೆ ಅವಳಿಗೆ ತಿಳಿದದ್ದು ಇಷ್ಟೇ: ಕೆಂಪು ಬಣ್ಣದ್ದೊಂದು ಜೋಡಿ ಬಹಳ ಚೆಂದವಿತ್ತು.

ಸಿರುಗುಪ್ಪ ಬಸ್ ನಿಲ್ದಾಣದಲ್ಲಿ ಚಹಾ ಕುಡಿಯುತ್ತ ಆ ಚಿತ್ರವನ್ನು ತನ್ನ ಬಸ್ಸಿನ ಡ್ರೈವರ್ ಹೊನ್ನೂರಸ್ವಾಮಿಗೆ ತೋರಿಸಿದಳು. ಆತ ಕಣ್ಣು ಕಿರಿದು ಮಾಡಿ ನೋಡಿದ.

"ಇದನ್ನ ಎಲ್ಲೋ ನೋಡೀನಲ್ಲ... ಹಾಂ! ತೆಕ್ಕಲಕೋಟಿಯಾಗ ಮೋಟರ್ ವೈಂಡಿಂಗ್ ಮಾಡ್ತಾರಲ್ಲ, ಮಿಲ್ಟ್ರಿ ತಿಪ್ಪೇರುದ್ರಪ್ಪ, ಅವರ ಅಂಗಡಿ ಗ್ವಾಡಿ ಮ್ಯಾಲ ಇಂಥಾವು ಹಿಡಕೊಂಡ ಫೋಟೋ ಐತಿ. ನಮ್ಮ ಗದ್ದಿ ಮೋಟರ್ ಸುಟ್ಟಾಗ ಹೋಗಿದ್ದೆ."

ವಾರದ ರಜೆಯ ದಿನ ಹಂಪಮ್ಮ ತೆಕ್ಕಲಕೋಟೆಯಲ್ಲಿ ಇಳಿದಳು. ಅಂಗಡಿ ಎಂದರೆ ತಗಡಿನ ಒಂದು ಶೆಡ್ಡು. ನೆಲದ ತುಂಬ ಬಿಚ್ಚಿದ ಪಂಪುಗಳು, ತಾಮ್ರದ ತಂತಿಯ ಸುರುಳಿಗಳು. ತಿಪ್ಪೇರುದ್ರಪ್ಪನಿಗೆ ಅರವತ್ತರ ಹತ್ತಿರ. ಗಡಿ ಕಾಯುವ ಪಡೆಯಲ್ಲಿ ಇಪ್ಪತ್ತೆರಡು ವರ್ಷ ಇದ್ದು, ಅದರಲ್ಲಿ ಹನ್ನೊಂದು ವರ್ಷ ಹಿಮಾಲಯದ ಒಂದು ಸ್ಕೀ ಉಗ್ರಾಣವನ್ನು ನೋಡಿಕೊಂಡವನು. ಜವಾನರಿಗೆ ಸ್ಕೀ ಹೊಂದಿಸಿ ಬೈಂಡಿಂಗ್ ಕೂರಿಸಿಕೊಡುವುದೇ ಅವನ ಕೆಲಸವಾಗಿತ್ತು. ನಿವೃತ್ತನಾಗಿ ಊರು ಸೇರಿದ ಮೇಲೆ ಸ್ಕೀ ಎಂಬ ಮಾತನ್ನು ಅವನ ಬಾಯಲ್ಲಿ ಕೇಳಿದವರಿಲ್ಲ.

"ಸಾರ್, ನಾನು ಕುರುಗೋಡು ಡಿಪೋದ ಕಂಡಕ್ಟರ್. ನನಗೊಂದು ಸ್ಕೀ ಆರಿಸಿಕೊಡ್ರಿ" ಎಂದಳು ಹಂಪಮ್ಮ.

ತಿಪ್ಪೇರುದ್ರಪ್ಪ ಕೈಯಲ್ಲಿದ್ದ ತಂತಿಯನ್ನು ಕೆಳಗಿಟ್ಟ. ಇವಳು ಚೇಷ್ಟೆ ಮಾಡುತ್ತಿದ್ದಾಳೆಂದೇ ಅವನಿಗೆ ಅನಿಸಿತು. ಅವಳು ಚೀಲದಿಂದ ಬೂಟು ತೆಗೆದಿಟ್ಟಳು. ಅದನ್ನು ಕೈಗೆತ್ತಿಕೊಂಡು ತಿರುಗಿಸಿ ಅಡಿಭಾಗ ಸವರಿದವನ ಮುಖ ಬೇರೆಯೇ ಆಯಿತು.

"ವೀರಭದ್ರೀ, ಚಾ ಮಾಡು" ಎಂದು ಒಳಗಿದ್ದ ಹೆಂಡತಿಗೆ ಕೂಗಿದ.

ಹಂಪಮ್ಮ ಕೆಂಪು ಸ್ಕೀಯ ಚಿತ್ರ ತೋರಿಸಿದಳು. ಉದ್ದ ನೂರ ಎಪ್ಪತ್ತೆರಡು ಸೆಂಟಿಮೀಟರು, ಪಾದದ ಕೆಳಗೆ ನಡುವಿನ ಅಗಲ ನೂರಾ ನಾಲ್ಕು ಮಿಲಿಮೀಟರು.

"ಏನ್ ತಂಗೀ, ನಿನ್ನ ಎತ್ತರ ಎಷ್ಟು?"

"ಐದು ಅಡಿ ಎರಡೂವರೆ ಇಂಚು."

"ಅಂದ್ರ ನೂರ ಐವತ್ತೊಂಬತ್ತು. ಇದು ನಿನ್ನ ತಲಿ ಮ್ಯಾಲೆ ಹೋಗ್ತೈತಿ. ಮ್ಯಾಲೆ ಇಷ್ಟು ಅಗಲ! ನಮ್ಮ ಕಡಿ ಗದ್ದಿ ಕೆಸರಿಗೆ ಟ್ರ್ಯಾಕ್ಟರಿಗೆ ಅಗಲ ಕಬ್ಬಿಣದ ಕೇಜ್ ವೀಲ್ ಹಾಕ್ತಾರ, ನೋಡಿಯಲ್ಲ? ಮೊಣಕಾಲುದ್ದ ಪುಡಿ ಹಿಮದಾಗ ತೇಲಾಕ ಇದು ಹಂಗ. ಅದನ್ನ ಹಾಕ್ಕೊಂಡು ಡಾಂಬರ್ ಮ್ಯಾಲೆ ಬಂದ್ರ?"

"ಟ್ರ್ಯಾಕ್ಟರೂ ಕೆಡ್ತೈತಿ, ರಸ್ತೇನೂ ಕೆಡ್ತೈತಿ" ಎಂದಳು ಹಂಪಮ್ಮ. ಸಿರುಗುಪ್ಪದ ದಾರಿಯಲ್ಲಿ ಆ ಗಾಲಿಗಳು ಕೊರೆದ ಗೀರುಗಳ ಮೇಲೆ ಅವಳು ದಿನಾ ನಿಂತು ಹೋಗುತ್ತಾಳೆ.

"ಹಾಂ. ಔಲಿಯಾಗ ಮುಂಜಾನೆ ಹಿಮ ಕಲ್ಲಿನಂಗ ಇರ್ತೈತಿ, ಮಧ್ಯಾಹ್ನ ಅಂಬಲಿ ಆಗ್ತೈತಿ, ನಿನ್ನ ಪುಣ್ಯ ಇದ್ರ ಒಂದೆರಡು ದಿನ ಹೊಸಾದು ಬೀಳ್ತೈತಿ. ಮೂರಕ್ಕೂ ಬೇಕು ಅಂದ್ರ ನಡು ಎಂಬತ್ತರಿಂದ ತೊಂಬತ್ತರೊಳಗ ಇರಲಿ. ಉದ್ದ ನಿನ್ನ ಮೂಗು ದಾಟಿ ಹುಬ್ಬಿಗೆ ಬರಲಿ, ಸಾಕು. ಸ್ಕೀ ಮುಂದಿನ ಮೂತಿ ತುಸು ಬೇಗ ಮ್ಯಾಲೇಳಬೇಕು, ಅಂದ್ರ ಅಂಬಲಿಯಾಗ ಹುಗೀಯಂಗಿಲ್ಲ. ನೆಲಕ್ಕಿಟ್ರ ನಡು ಕಮಾನಿನಂಗ ಎದ್ದಿರಬೇಕು, ಅಂದ್ರ ಕಲ್ಲುಹಿಮದಾಗ ಅಂಚು ಕಚ್ಚತೈತಿ. ಬಣ್ಣ ಬೇಕಾದ್ದು ತಗೋ."

ಹಂಪಮ್ಮ ಟಿಕೆಟ್ ಮಷಿನಿನ ಹಳೆಯ ಕಾಗದದ ಸುರುಳಿಯ ಹಿಂದೆ ಎಲ್ಲ ಬರೆದುಕೊಂಡಳು. ವೀರಭದ್ರಮ್ಮ ಒಗ್ಗರಣೆ ಮಂಡಕ್ಕಿ, ಮಿರ್ಚಿ ತಂದಿಟ್ಟು, ಗಂಡನ ಬಾಯಲ್ಲಿ ಇಷ್ಟು ಮಾತು ಹೊರಡುತ್ತಿರುವುದನ್ನು ಬಾಗಿಲಲ್ಲೇ ನಿಂತು ಕೇಳಿದಳು.

"ಈಗ ಬೈಂಡಿಂಗ್. ಇದರಾಗ ಮೂರು ಹೊಂದಬೇಕು. ಒಂದು, ಬೂಟಿನ ಅಡಿ ಯಾವ ಥರದ್ದೋ ಬೈಂಡಿಂಗ್ ಆ ಥರದ್ದನ್ನ ಒಪ್ಪಬೇಕು. ನಿಂದು ಸಾದಾ ಇಳಿಜಾರಿನ ಬೂಟು, ಚಿಂತಿ ಇಲ್ಲ. ಎರಡು, ಬ್ರೇಕು. ಬೂಟು ಬಿಚ್ಚಿಕೊಂಡಾಗ ಸ್ಕೀ ಓಡಿಹೋಗದಂಗ ಎರಡೂ ಕಡಿ ಕಡ್ಡಿ ಇಳೀತಾವ. ಅವು ಸ್ಕೀ ನಡುವಿಗಿಂತ ತುಸು ಅಗಲ ಇರಬೇಕು. ಕಮ್ಮಿ ಇದ್ರ ಇಳಿಯಂಗಿಲ್ಲ, ಬಾಳ ಜಾಸ್ತಿ ಇದ್ರ ತಿರುಗೋ ಮುಂದ ಹಿಮಕ್ಕ ಸಿಕ್ಕೊಂತಾವ. ಮೂರು, ನಂಬರು. ಬಿದ್ದಾಗ ಎಷ್ಟು ಜೋರಿಗೆ ಬಿಚ್ಚಬೇಕು ಅನ್ನೋ ನಂಬರು. ನಿನ್ನ ನಂಬರು ಬೈಂಡಿಂಗಿನ ಅಳತಿ ಒಳಗ ಆರಾಮಾಗಿ ಕೂಡಬೇಕು, ತುದಿಯಾಗ ಅಲ್ಲ. ನಿನಗ ಮೂರರಿಂದ ಹತ್ತರ ತನಕ ಇರೋದು ಸಾಕು."

ಹಂಪಮ್ಮ ಹಿಗ್ಗಿದಳು. "ಎಲ್ಲಾ ತರಸ್ತೀನಿ ಸಾರ್. ಕೂರಿಸಿಕೊಡೋದು ನೀವೇ."

ತಿಪ್ಪೇರುದ್ರಪ್ಪ ಥಟ್ಟನೆ ಮುದುಡಿದ. "ಅದು ಆಗಂಗಿಲ್ಲ. ಆರಿಸೋದು ಹೇಳೀನಿ. ಕೂರಸೋದು ನಾ ಬಿಟ್ಟೀನಿ" ಎಂದವನೇ ಮತ್ತೆ ತಂತಿ ಕೈಗೆತ್ತಿಕೊಂಡ. ಯಾಕೆಂದು ಕೇಳುವ ಧೈರ್ಯ ಅವಳಿಗಾಗಲಿಲ್ಲ.

ಸ್ಕೀ ಹುಡುಕಲು ಎರಡು ತಿಂಗಳು ಹಿಡಿಯಿತು. ಮನಾಲಿಯ ಅಂಗಡಿಯೊಂದರಲ್ಲಿ ಹೋದ ಹಂಗಾಮಿನಲ್ಲಿ ಮಾರದೆ ಉಳಿದ ಜೋಡಿ ಸಿಕ್ಕಿತು: ನೂರ ಐವತ್ತೆರಡು ಉದ್ದ, ಎಂಬತ್ನಾಲ್ಕು ನಡು, ಬಣ್ಣ ಹಸಿರು. ಬೈಂಡಿಂಗ್ ಅಲ್ಲಿರಲಿಲ್ಲ, ಪುಣೆಯ ಒಬ್ಬರ ಹತ್ತಿರ ಪೆಟ್ಟಿಗೆಯನ್ನೇ ಒಡೆಯದ್ದೊಂದು ಜೋಡಿ ಸಿಕ್ಕಿತು, ಮೂರರಿಂದ ಹತ್ತು, ಬ್ರೇಕು ತೊಂಬತ್ತು. ಸ್ಕೀಯ ಉದ್ದನೆಯ ಪಾರ್ಸಲ್ ಬಳ್ಳಾರಿಗೆ ಬಂದಾಗ ತನ್ನ ಬಸ್ಸಿನಲ್ಲೇ ಹಾಕಿಕೊಂಡು ತಾನೇ ತನಗೆ ಲಗೇಜ್ ಟಿಕೆಟ್ ಹರಿದುಕೊಂಡಳು. "ಏನವ್ವಾ ಇದು, ಕಿಟಕಿ ಚೌಕಟ್ಟಾ?" ಎಂದು ಹತ್ತು ಜನ ಕೇಳಿದರು. ಹತ್ತು ಜನಕ್ಕೂ ಹೌದೆಂದಳು.

ಈಗ ಎರಡನ್ನೂ ಕೂಡಿಸುವವರು ಯಾರು? ಬಳ್ಳಾರಿಯ ಲೇತ್ ಕೆಲಸದವನೊಬ್ಬ ಒಂದೇ ಮಾತಿಗೆ ಒಪ್ಪಿದ: "ಎಂಟು ತೂತು ತಾನೆ? ಆರು ಎಂಎಂ ಬಿಟ್ ಹಾಕಿ ಆ ಕಡಿಗೆ ಹಾಯಿಸಿ ನಟ್ ಬೋಲ್ಟ್ ಬಿಗದು ಕೊಡ್ತೀನಿ, ಆನಿ ಎಳದ್ರೂ ಬಿಚ್ಚಂಗಿಲ್ಲ." ಬಿಚ್ಚುವುದಿಲ್ಲ ಎಂಬ ಮಾತು ಹಂಪಮ್ಮನಿಗೆ ಹಿತವೆನಿಸಿತು. ಆದರೂ ಒಮ್ಮೆ ಕೇಳಿಬಿಡೋಣವೆಂದು, ಬಸ್ಸು ತೆಕ್ಕಲಕೋಟೆಯಲ್ಲಿ ನಿಂತ ಐದು ನಿಮಿಷದಲ್ಲಿ ಶೆಡ್ಡಿಗೆ ಓಡಿದಳು.

"ಸಾರ್, ಬಳ್ಳಾರಿಯಾಗ ಒಬ್ಬರು ಆರು ಎಂಎಂ ಬಿಟ್ಟಿಲೆ ಆರಪಾರ..."

"ಏಯ್!" ತಿಪ್ಪೇರುದ್ರಪ್ಪ ಎದ್ದು ನಿಂತ. ಪಕ್ಕದಲ್ಲಿದ್ದ ಪಂಪಿನ ಮುಚ್ಚಳ ಉರುಳಿತು. "ಆರಪಾರ ಅಂತ! ನಾಲ್ಕು ಪಾಯಿಂಟ್ ಒಂದು ಎಂಎಂ ಬಿಟ್ಟು, ಒಂಬತ್ತು ಎಂಎಂ ಆಳ, ಕೂದಲೆಳಿ ಹೆಚ್ಚಿಲ್ಲ ಕಮ್ಮಿ ಇಲ್ಲ! ಸ್ಕೀ ಮ್ಯಾಲೇ ಬರದಿರ್ತಾರ, ಓದೀಯೇನು? ಆರಪಾರ ತೂತು ಹೊಡದ್ರ ಅದು ಸ್ಕೀ ಅಲ್ಲ, ಜರಡಿ! ಅವಂಗ ಕೊಡಬ್ಯಾಡ. ಐತವಾರ ಇಲ್ಲಿ ತಗೊಂಡು ಬಾ."

ಹೊರಗೆ ಹೊನ್ನೂರಸ್ವಾಮಿ ಹಾರ್ನ್ ಬಾರಿಸುತ್ತಿದ್ದ. ಹಂಪಮ್ಮ ನಗುವನ್ನು ಬಸ್ಸು ಹತ್ತುವವರೆಗೂ ತಡೆದುಕೊಂಡಳು.

ಭಾನುವಾರ ಹುಲುಗೇಶನೂ ಬಂದ. ಹೆಂಡತಿಯ ಹುಚ್ಚು ಎಲ್ಲಿಗೆ ಮುಟ್ಟಿದೆ ನೋಡೋಣವೆಂದು ಬಂದವನಿಗೆ ಅಲ್ಲಿ ಕೆಲಸವೇ ಕಾದಿತ್ತು. ಉಗ್ರಾಣದಲ್ಲಿ ತೂತಿನ ಜಾಗ ತೋರಿಸುವ ಲೋಹದ ಅಚ್ಚು ಇರುತ್ತಿತ್ತು. ಇಲ್ಲಿ ಕಾಗದದ ನಮೂನೆಯೇ ಗತಿ. ಬೈಂಡಿಂಗ್ ತಯಾರಕರು ಕೊಟ್ಟ ನಮೂನೆಯನ್ನು ಬಳ್ಳಾರಿಯಲ್ಲಿ ಪ್ರಿಂಟ್ ಹಾಕಿಸಿ ತಂದಿದ್ದಳು. ಹುಲುಗೇಶ ತನ್ನ ಸ್ಟೀಲ್ ಸ್ಕೇಲು ತೆಗೆದು ಅದರ ಮೇಲೆ ಅಚ್ಚಾಗಿದ್ದ ಅಳತೆಯ ಗೆರೆ ಅಳೆದು, "ಪ್ರಿಂಟಿನಾಗ ಒಂದೂವರೆ ಎಂಎಂ ಕುಗ್ಗೈತ್ರಿ. ಪ್ಯಾಂಟಿನ ಅರಿವಿ ಮ್ಯಾಲೆ ಹಾಸೋ ಮಾರ್ಕರ್ ಹಾಳಿನೂ ಹಿಂಗ ಮೋಸ ಮಾಡ್ತೈತಿ" ಎಂದ.

ತಿಪ್ಪೇರುದ್ರಪ್ಪ ಅವನನ್ನು ಮೊದಲ ಸಲ ಸರಿಯಾಗಿ ನೋಡಿದ. "ನೀ ಕತ್ತರಿಸು. ನಿನ್ನ ಕಣ್ಣು ಚಲೋ ಐತಿ."

ಹುಲುಗೇಶ ದಪ್ಪ ರಟ್ಟಿನಲ್ಲಿ ಹೊಸ ನಮೂನೆ ಕತ್ತರಿಸಿದ. ಬೂಟಿನ ಬದಿಯಲ್ಲಿ ಅದರ ನಡುಗೆರೆ, ಸ್ಕೀಯ ಮೇಲೆ ಅದರ ನಡುಗೆರೆ. ಎರಡೂ ಒಂದರ ಮೇಲೊಂದು ಬಂದ ಮೇಲೆಯೇ ಪೆನ್ಸಿಲ್ ಗುರುತು. ತಿಪ್ಪೇರುದ್ರಪ್ಪ ಡ್ರಿಲ್ ಬಿಟ್ಟಿಗೆ ಒಂಬತ್ತು ಮಿಲಿಮೀಟರಿಗೆ ಸರಿಯಾಗಿ ಟೇಪು ಸುತ್ತಿ, ಮೊದಲು ತೇಗದ ತುಂಡೊಂದರಲ್ಲಿ ಆರು ತೂತು ಹೊಡೆದು ಆಳ ಅಳೆದ. ವೀರಭದ್ರಮ್ಮ ಬಂದು ಸ್ಕೀಯ ಇನ್ನೊಂದು ತುದಿಯನ್ನು ಎರಡೂ ಕೈಯಿಂದ ಒತ್ತಿ ಹಿಡಿದಳು. ತಿಪ್ಪೇರುದ್ರಪ್ಪ ಸ್ಕೀಗೆ ಡ್ರಿಲ್ ತಾಗಿಸಿದ. ಮೊದಲ ತೂತು, ಎರಡನೆಯದು. ಬಿಳಿ ಹೊಟ್ಟು ಸುರುಳಿಯಾಗಿ ಎದ್ದು ಬಂತು. ಪ್ರತಿ ತೂತಿಗೆ ಒಂದು ಹನಿ ಅಂಟು, ಆಮೇಲೆ ಸ್ಕ್ರೂ.

ಬೈಂಡಿಂಗ್ ಕೂತಿತು. ಬೂಟು ಒಳಹೋಗಿ ಟಕ್ಕೆಂದಿತು. ಇನ್ನು ಉಳಿದದ್ದು ನಂಬರು.

ತಿಪ್ಪೇರುದ್ರಪ್ಪ ತನ್ನ ಹಳೆಯ ನೋಟ್‌ಬುಕ್ಕಿನ ಪಟ್ಟಿ ತೆರೆದ. ಅದನ್ನೇ ನಂಬದೆ ಬೈಂಡಿಂಗಿನ ಪೆಟ್ಟಿಗೆಯಲ್ಲಿದ್ದ ಹೊಸ ಪಟ್ಟಿಯ ಜೊತೆ ಹೋಲಿಸಿದ. ತೂಕ ಅರವತ್ತೊಂದು ಕಿಲೋ, ಎತ್ತರ, ವಯಸ್ಸು ಮೂವತ್ತೆಂಟು, ಬೂಟಿನ ಹಿಮ್ಮಡಿಯ ಹತ್ತಿರ ಅಚ್ಚೊತ್ತಿದ್ದ ಅಡಿಯ ಉದ್ದ ಇನ್ನೂರ ಎಂಬತ್ತೈದು, ಆಡುವ ರೀತಿ ಮಧ್ಯಮ.

"ನಾಲ್ಕೂವರೆ" ಎಂದ.

"ಏಳು ಇಡ್ರಿ" ಎಂದಳು ಹಂಪಮ್ಮ.

"ನಾಲ್ಕೂವರೆ."

"ಸಾರ್, ಅದು ನಡುದಾರ್ಯಾಗ ಬಿಚ್ಚಿಕೊಂಡು ನಾನು ಹ್ಯಾಂಗ ಬಿದ್ದೆ ಅಂತ ನಿಮಗೇನು ಗೊತ್ತು? ಬಿಗಿ ಮಾಡ್ರಿ. ಕಾಲು ನಂದು, ಸ್ಕೀ ನಂದು, ನಾ ಹೇಳ್ತೀನಿ, ಏಳು ಇಡ್ರಿ!" ಅವಳ ದನಿ ಬಸ್ಸಿನಲ್ಲಿ ಹಿಂದಿನ ಬಾಗಿಲವರೆಗೂ ಮುಟ್ಟುವ ದನಿಯಾಗಿತ್ತು.

ತಿಪ್ಪೇರುದ್ರಪ್ಪ ಸ್ಕ್ರೂಡ್ರೈವರನ್ನು ನೆಲದ ಮೇಲಿಟ್ಟು ಗೋಡೆಗೆ ಒರಗಿ ಕೂತ.

"ಇದೇ ಮಾತು ಹೇಳಿದ್ದ ಅವನೂ. ಕುಮಾವೂನಿನ ಹುಡುಗ, ಇಪ್ಪತ್ಮೂರು ವರ್ಷ. ರೇಸ್ ಮುಂದಿತ್ತು. 'ದಾದಾ, ಸ್ಕೀ ಬಿಚ್ಚಿದ್ರ ಮಾನ ಹೋಗ್ತೈತಿ, ಬಿಗಿ ಮಾಡು' ಅಂದ. ಪಟ್ಟಿ ಬ್ಯಾಡ ಅಂತಿತ್ತು. ಅವನ ಮಾತಿಗೆ ನಾನು ಮೂರು ನಂಬರ್ ಏರಿಸಿದೆ. ಬಿದ್ದ. ಸ್ಕೀ ಬಿಚ್ಚಲಿಲ್ಲ ತಂಗೀ, ಮೊಣಕಾಲು ಬಿಚ್ತು. ಅವನೇ ಕೇಳಿದ್ದ ಅಂತ ನನಗ ಯಾರೂ ಏನೂ ಅನಲಿಲ್ಲ. ಈಗೂ ಹಬ್ಬಕ್ಕ ಫೋನ್ ಮಾಡ್ತಾನ, ಕುಂಟಿಕೋತ ಆಫೀಸ್ ಕೆಲಸ ಮಾಡ್ತಾನ. ಅವತ್ತಿನಿಂದ ನಾನು ಬೈಂಡಿಂಗ್ ಮುಟ್ಟಿಲ್ಲ."

ವೀರಭದ್ರಮ್ಮ ಸೆರಗಿನಿಂದ ಮುಖ ಒರೆಸಿಕೊಂಡಳು. ಈ ಮಾತು ಅವಳಿಗೂ ಹೊಸದು ಎಂಬುದು ನೋಡಿದವರಿಗೆ ತಿಳಿಯುತ್ತಿತ್ತು.

ಹಂಪಮ್ಮನ ಸಿಟ್ಟು ಇಳಿಯಿತು, ಆದರೆ ಅಂಜಿಕೆ ಇಳಿಯಲಿಲ್ಲ. "ಮತ್ತ ನಂದು ಯಾಕ ಬಿಚ್ಚಿಕೊಂತು ಸಾರ್? ನಾ ಬಿದ್ದಿರಲಿಲ್ಲ, ತಿರುಗಿರಲಿಲ್ಲ. ಸಣ್ಣ ಉಬ್ಬು, ಅಷ್ಟೇ" ಎಂದಳು ಮೆಲ್ಲಗೆ.

ಅವನು ತಲೆಯೆತ್ತಿದ. "ಸ್ಕೀ ಬಾಡಿಗೀದು ಅಂದಿ. ಬೂಟು?"

"ಇದೇ. ನಂದು."

"ಅಂಗಡಿಯವ ನಿನ್ನ ಬೂಟಿನ ಅಳತಿ ನೋಡಿ ಹಿಂದಿನ ತುಂಡು ಸರಿಸಿದ್ನೇನು?"

"ಇಲ್ರಿ. ಬೂಟು ಒಳಗ ಹೋತು, ಟಕ್ ಅಂತು, ಅಷ್ಟೇ."

ತಿಪ್ಪೇರುದ್ರಪ್ಪ ತೊಡೆ ತಟ್ಟಿದ. ಅವಳನ್ನು ಕರೆದು ಬೈಂಡಿಂಗಿನ ಹಿಂತುಂಡಿನ ಮಗ್ಗುಲಲ್ಲಿದ್ದ ಪುಟ್ಟ ಗುರುತನ್ನು ತೋರಿಸಿದ. ಹಿಂತುಂಡು ಬೂಟನ್ನು ಮುಂತುಂಡಿನ ಕಡೆಗೆ ಒಂದು ಹದದಲ್ಲಿ ಒತ್ತಿ ಹಿಡಿದಿರಬೇಕು. ಬೂಟು ಬದಲಾದರೆ ಹಿಂತುಂಡನ್ನು ಸರಿಸಿ ಆ ಹದವನ್ನು ಹೊಸದಾಗಿ ಮಾಡಬೇಕು. ಇಲ್ಲದಿದ್ದರೆ ಟಕ್ಕೆಂದರೂ ಹಿಡಿತ ಸಡಿಲ. ಉಬ್ಬಿನ ಮೇಲೆ ಸ್ಕೀ ಬಾಗಿದೊಡನೆ ಬೂಟು ಜಾರುತ್ತದೆ. ಹಿಂತುಂಡನ್ನು ಬೇಕೆಂದೇ ಎರಡು ಹಲ್ಲು ಹಿಂದಕ್ಕೆ ಸರಿಸಿ, ಬೂಟು ಹಾಕಿಸಿ, ಅಂಗೈಯಿಂದ ಒಂದು ಪೆಟ್ಟು ಕೊಟ್ಟ. ಬೂಟು ಸುಮ್ಮನೆ ಹೊರಬಂತು. ಮತ್ತೆ ಗುರುತಿಗೆ ತಂದು ಅದೇ ಪೆಟ್ಟು ಕೊಟ್ಟ. ಬೂಟು ತುಸು ಅಲುಗಿ ತನ್ನ ಜಾಗಕ್ಕೆ ವಾಪಸು ಬಂತು.

"ನಂಬರ್ ಏರಿಸಿದ್ರ ಇದು ಸರಿ ಆಗ್ತಿತ್ತೇನು?"

"ಆಗ್ತಿರಲಿಲ್ರಿ" ಎಂದಳು ಹಂಪಮ್ಮ. ತಪ್ಪು ಅವಳ ಕಾಲಿನದಾಗಿರಲಿಲ್ಲ. "ನಾಲ್ಕೂವರೆ ಇಡ್ರಿ ಸಾರ್."

ಅವನು ನಾಲ್ಕೂ ತುಂಡುಗಳಲ್ಲಿ ನಾಲ್ಕೂವರೆ ಇಟ್ಟ. "ಔಲಿ ಮುಟ್ಟಿದ ಕೂಡ್ಲೆ ನಿಮ್ಮ ಉಸ್ತಾದನ ಕಡೆ ಮಷಿನಿಗೆ ಹಾಕಿಸಿ ನೋಡು. ನನ್ನ ಕೈ ಹಳೇದು" ಎಂದ.

ಆ ವರ್ಷ ಹಿಮ ತಡವಾಯಿತು. ಜನವರಿ ಕಳೆದರೂ ಔಲಿಯ ಇಳಿಜಾರು ಕಂದು ಬಣ್ಣದಲ್ಲೇ ಇತ್ತು. ಅವಳು ಸೇರಿದ್ದ ಎರಡನೆಯ ಹಂತದ ಶಿಬಿರ ಮುಂದಕ್ಕೆ ಹೋಯಿತು, ಹಂಪಮ್ಮ ಮಂಜೂರಾದ ರಜೆಯನ್ನು ಎರಡು ಸಲ ಬದಲಿಸಿದಳು. ಎರಡನೆಯ ಸಲ ಡಿಪೋದ ಗುಮಾಸ್ತ, "ಮದುವಿ ಮುಹೂರ್ತ ಆದ್ರೂ ಇಷ್ಟು ಸಲ ಬದಲಾಗಂಗಿಲ್ಲವ್ವಾ" ಎಂದ. ಫೆಬ್ರವರಿಯ ಎರಡನೆಯ ವಾರ ನೇಗಿಯ ಸಂದೇಶ ಬಂತು: ಮೊಣಕಾಲುದ್ದ ಬಿದ್ದಿದೆ, ಹೊರಡು.

ನೇಗಿ ಸ್ಕೀಯನ್ನು ಪರೀಕ್ಷೆಯ ಮಷಿನಿಗೆ ಹಾಕಿದ. ಎರಡು ಸಲ ಅಳೆದ, ಎರಡೂ ಸಲ ನಂಬರು ಸರಿಯಾಗಿ ಬಂತು. "ಯಾವ ಅಂಗಡಿಯಲ್ಲಿ ಕೂರಿಸಿದ್ದು?" ಎಂದು ಕೇಳಿದ. ಹಂಪಮ್ಮನಿಗೆ ಹಿಂದಿಯಲ್ಲಿ ಮೋಟರ್ ವೈಂಡಿಂಗನ್ನು ವಿವರಿಸಲು ಸಾಕುಬೇಕಾಯಿತು.

ಮೊದಲ ಮುಂಜಾನೆ ಇಳಿಜಾರಿನ ನೆತ್ತಿಯ ಮೇಲೆ ಕಾಲು ಮತ್ತೆ ಮರಗಟ್ಟಿತು. ಮೊಣಕಾಲು ಬಾಗಿಸಿ, ಒಂದು ದೊಡ್ಡ ಉಸಿರು ಬಿಟ್ಟು, ಇಳಿದಳು. ಕಲ್ಲಿನಂಥ ಹಿಮದಲ್ಲಿ ಸ್ಕೀಯ ಅಂಚು ಕುಡುಗೋಲಿನಂತೆ ಕಚ್ಚಿತು. ಕಳೆದ ವರ್ಷದ್ದೇ ಜಾಗದಲ್ಲಿ ಒಂದರ ಹಿಂದೊಂದು ನಾಲ್ಕು ಉಬ್ಬುಗಳು. ಟಪ ಟಪ ಟಪ ಟಪ. ಸ್ಕೀ ಬಾಗಿತು, ಎದ್ದಿತು, ಬೂಟು ಅಲುಗಲಿಲ್ಲ. ತಳ ಮುಟ್ಟಿದವಳು ಒಬ್ಬಳೇ ಜೋರಾಗಿ, "ರೈಟ್, ರೈಟ್!" ಎಂದು ಕೂಗಿದಳು. ಅಕ್ಕಪಕ್ಕದವರಿಗೆ ಅದು ಏನೆಂದು ತಿಳಿಯಲಿಲ್ಲ.

ಮೂರನೆಯ ದಿನ ಮಧ್ಯಾಹ್ನ ಬಿದ್ದಳು. ಅಂಬಲಿಯಂಥ ಹಿಮದಲ್ಲಿ ಬಲಗಾಲ ಸ್ಕೀ ಹೂತು, ಮೈ ಒಂದು ಕಡೆ, ಕಾಲು ಒಂದು ಕಡೆ ತಿರುಚಿತು. ಮೊಣಕಾಲಿನಲ್ಲಿ ಎಳೆತ ಏರಿತು, ಏರಿತು, ಇನ್ನು ತಾಳದು ಎನ್ನುವ ಹೊತ್ತಿಗೆ ಟಕ್ಕೆಂದು ಬೂಟು ಬಿಟ್ಟುಕೊಂಡಿತು. ಬ್ರೇಕಿನ ಕಡ್ಡಿಗಳು ಇಳಿದು ಸ್ಕೀ ಅವಳ ಪಕ್ಕದಲ್ಲೇ ನಿಂತಿತು. ಹಂಪಮ್ಮ ಹಿಮದಲ್ಲಿ ಕೂತು ಮೊಣಕಾಲು ಮಡಚಿದಳು, ಚಾಚಿದಳು. ಏನೂ ಆಗಿರಲಿಲ್ಲ. ಏಳು ಇದ್ದಿದ್ದರೆ ಈ ಮೊಣಕಾಲು ಉಳಿಯುತ್ತಿರಲಿಲ್ಲ ಎಂದುಕೊಂಡಳು. ಅಲ್ಲಿಂದಲೇ ಕೈಗವಸು ಕಳಚಿ ತೆಕ್ಕಲಕೋಟೆಗೆ ಫೋನ್ ಮಾಡಿದಳು.

"ಬಿದ್ದೆ ಸಾರ್!"

ಆ ಕಡೆ ಅವನು ಓಡುತ್ತಿದ್ದ ಮೋಟರೊಂದನ್ನು ಬಂದ್ ಮಾಡಿದ್ದು ಕೇಳಿಸಿತು.

"ಬಿಚ್ಚಿಕೊಂತ್ರಿ. ಸರಿಯಾಗಿ ಬಿಚ್ಚಿಕೊಂತು. ಕಾಲು ನೆಟ್ಟಗೈತಿ."

ತಿಪ್ಪೇರುದ್ರಪ್ಪ, "ಎಡಗಾಲೋ ಬಲಗಾಲೋ? ಮುಂದಿನದು ಬಿಚ್ತೋ ಹಿಂದಿನದೋ?" ಎಂದು ಕೇಳಿದ. ಅವಳು ಎಲ್ಲ ಹೇಳಿದಳು. ಕೊನೆಗೆ ಅವನು ದನಿ ತಗ್ಗಿಸಿ, "ಗುಡ್ಡ ಕಾಣತೈತೇನು ಅಲ್ಲಿಂದ? ನಂದಾದೇವಿ?" ಎಂದ.

"ಕಾಣತೈತ್ರಿ. ಮೋಡ ಇಲ್ಲ ಇವತ್ತು" ಎಂದಳು.

ಆ ಸಲ ಅವಳು ಎರಡನೆಯ ಹಂತದ ಪರೀಕ್ಷೆಯಲ್ಲಿ ತೇರ್ಗಡೆಯಾದಳು. ಹದಿನಾರು ಜನರಲ್ಲಿ ಐದನೆಯವಳು.

ಮಾರ್ಚಿನ ಒಂದು ಭಾನುವಾರ, ಬಳ್ಳಾರಿ ಸೀಮೆ ಕಾದ ಹೆಂಚಾಗಿದ್ದಾಗ, ಗಂಡ ಹೆಂಡತಿ ಸ್ಕೀ ಹೊತ್ತು ಶೆಡ್ಡಿಗೆ ಬಂದರು. ತಿಪ್ಪೇರುದ್ರಪ್ಪ ಸ್ಕೀಯ ಅಡಿಯ ಗೀರುಗಳನ್ನು ಒಂದೊಂದಾಗಿ ಬೆರಳಲ್ಲಿ ಸವರಿ, ಇದು ಕಲ್ಲು, ಇದು ಮಂಜುಗಡ್ಡೆ ಎಂದು ಹೇಳುತ್ತ, ಹಳೆಯ ಇಸ್ತ್ರಿಪೆಟ್ಟಿಗೆಯಿಂದ ಮೇಣ ಕರಗಿಸಿ ಹಚ್ಚತೊಡಗಿದ. ಹುಲುಗೇಶ ಈ ಸಲ, ಯಾರೂ ಹೇಳದಿದ್ದರೂ, ನೀರು ಕುಡಿಯದ ಬಟ್ಟೆಯೊಂದರ ತುಂಡು ತಂದು ಹೆಂಡತಿಗೆ ಹೊಸ ಪ್ಯಾಂಟಿನ ಮಾತು ತೆಗೆದಿದ್ದ.

ವೀರಭದ್ರಮ್ಮ ಚಹಾ ಕೊಡುತ್ತ ಹಂಪಮ್ಮನ ಪಕ್ಕ ಕೂತಳು. "ಬರೋ ವರ್ಷ ಇವರೂ ನಿನ್ನ ಸಂಗಾಟ ಬರ್ತಾರಂತ."

"ನಾನೆಲ್ಲಿ ಹಂಗಂದೆ?" ಎಂದ ತಿಪ್ಪೇರುದ್ರಪ್ಪ ತಲೆ ಎತ್ತದೆ.

"ಎರಡು ದಿನದಿಂದ ಟ್ರಂಕಿನಾಗಿನ ಸ್ವೆಟರ್ ತೆಗದು ಬಿಸಲಿಗೆ ಹಾಕೀರಲ್ಲ, ಅವು ಯಾರ ಸಲುವಾಗಿ?"

ತಿಪ್ಪೇರುದ್ರಪ್ಪ ಮೇಣ ಹಚ್ಚುವುದರಲ್ಲೇ ಮುಳುಗಿದ. ಹುಲುಗೇಶ ನಕ್ಕ. ಹಂಪಮ್ಮ ಫೋನು ತೆಗೆದು ರೈಲಿನ ದಾರಿ ಹುಡುಕತೊಡಗಿದಳು. ಗುಂತಕಲ್ಲಿಗೆ ಹೋಗಿ ದಿಲ್ಲಿಯ ಗಾಡಿ ಹತ್ತಿ, ಅಲ್ಲಿಂದ ಹರಿದ್ವಾರ, ಮುಂದೆ ಬಸ್ಸು.

"ಇಬ್ಬರಿಗೆ ನೋಡಲೇನ್ರಿ ಹಂಗಾರ?" ಎಂದು ಕೇಳಿದಳು.

"ಮೂವರಿಗೆ ನೋಡವ್ವಾ" ಎಂದಳು ವೀರಭದ್ರಮ್ಮ. "ಅದೇನು ಹಿಮ ಐತೋ, ನಾನೂ ಒಂದ್ಸಲ ಮುಟ್ಟಿ ನೋಡ್ತೀನಿ."